ಅಗ್ಗದ ಡಿ.ವಿ.ಡಿ. ರೆಕಾರ್ಡರೂ ಮಲವಗೊಪ್ಪದ ಗೃಹಸ್ಥನೂ

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯ ಮೇಲಿರುವ ಮಲವಗೊಪ್ಪವು ಒಂದು ಕಾಲಕ್ಕೆ ಬರಿಯ ಹಳ್ಳಿಯಾಗಿದ್ದು, ಈಗ ಅತ್ತ ಹಳ್ಳಿಯೂ ಅಲ್ಲದ ಇತ್ತ ಪೇಟೆಯೂ ಅಲ್ಲದ ಸ್ಥಿತಿಯಲ್ಲಿರುವುದು. ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ನೆನಪು ಊರಿನಲ್ಲಿಯೇ ಉಂಟು. ೧೯೨೩ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆ, ೧೯೩೬ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ, ಇವೆರಡೂ ಭದ್ರಾವತಿಯ ಕಡೆಗೆ ಕೆಲವೇ ಮೈಲಿಗಳ ಅಂತರದಲ್ಲಿರುವವು. ಇಂಥ ಕಾರ್ಖಾನೆಗಳಿಂದಲೂ ಸರಕಾರಿ ಕಚೇರಿಗಳಿಂದಲೂ ತಿಂಗಳ ಸಂಬಳವನ್ನು ಕಂಡ ಮನೆಗಳಲ್ಲಿ, ಕಳೆದ ಶತಮಾನದ ಕೊನೆಯ ಹದಿನೈದು ವರ್ಷಗಳಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳನ್ನು ವೀಡಿಯೋ ಕ್ಯಾಸೆಟ್ಟಿನಲ್ಲಿ ಹಿಡಿಸುವುದು ಒಂದು ಮರ್ಯಾದೆಯ ವಾಡಿಕೆಯಾಗಿತ್ತು. ಆ ಕ್ಯಾಸೆಟ್ಟುಗಳು ಇಂದಿಗೂ ಬೀರುವಿನ ಮೇಲಿನ ತಟ್ಟಿನಲ್ಲಿ, ಹಳೆಯ ಸೀರೆಗಳ ಹಿಂದೆ, ಅಟ್ಟದ ಟ್ರಂಕಿನಲ್ಲಿ ಬಿದ್ದಿರುವವು. ಅವುಗಳನ್ನು ನೋಡುವ ಯಂತ್ರವು ಮಾತ್ರ ಮನೆಯಲ್ಲಿಲ್ಲ, ಇದ್ದರೂ ನಡೆಯುವುದಿಲ್ಲ.

ಇಂಥ ಮನೆಯ ಯಜಮಾನನೊಬ್ಬನಿಗೆ ಹಳೆಯ ಡಿ.ವಿ.ಡಿ. ರೆಕಾರ್ಡರೊಂದು ಅಗ್ಗದ ಬೆಲೆಗೆ ದೊರೆಯುವ ಪ್ರಸಂಗವನ್ನು ವಾಚಕರು ಭಾವಿಸಿಕೊಳ್ಳಲಿ. ಹಳೆಯ ಸಾಮಾನಿನ ಅಂಗಡಿಯವನು ತೋರಿಸಿರಬಹುದು, ಪರದೇಶದಲ್ಲಿರುವ ಮಗನು "ಅಪ್ಪಾ, ಇಲ್ಲಿ ಯಾರೋ ಬಿಸಾಡುತ್ತಿದ್ದಾರೆ, ತಂದುಕೊಡಲೇ?" ಎಂದು ಕೇಳಿರಬಹುದು. ಕೊಳ್ಳಬೇಕೋ ಬಿಡಬೇಕೋ? ಪ್ರಶ್ನೆಯು ಚಿಕ್ಕದೆಂದು ತೋರುವುದು ಸಹಜವೇ. ಆದರೆ ಆ ಕ್ಯಾಸೆಟ್ಟಿನಲ್ಲಿ ತೀರಿಹೋದ ತಂದೆಯವರು ಬೀಗರನ್ನು ಎದುರುಗೊಳ್ಳುತ್ತ ಮಾತನಾಡುವ ಧ್ವನಿಯಿದ್ದಲ್ಲಿ, ಅಥವಾ ಈಗ ಇಲ್ಲದ ಅಜ್ಜಿಯು ಹಸೆಯ ಹಾಡನ್ನು ಹೇಳುತ್ತಿದ್ದಲ್ಲಿ, ಪ್ರಶ್ನೆಯು ಹಾಗೆ ಚಿಕ್ಕದಾಗಿ ಉಳಿಯುವುದಿಲ್ಲ. ಗೋಡೆಯ ಮೇಲಿನ ಭಾವಚಿತ್ರವು ಮುಖವನ್ನು ಕಾಪಾಡೀತು; ಧ್ವನಿಯನ್ನೂ ನಡಿಗೆಯನ್ನೂ ಕಾಪಾಡಲಾರದು. ಬಹು ಮನೆಗಳಲ್ಲಿ ಅವೆರಡೂ ಉಳಿದಿರುವುದು ಆ ಕಪ್ಪು ಡಬ್ಬಿಯೊಳಗೆ ಮಾತ್ರ.

ಮೊದಲು ಯಂತ್ರದ ವಿಷಯ. ಮನೆಯ ಉಪಯೋಗಕ್ಕೆಂದು ಡಿ.ವಿ.ಡಿ. ರೆಕಾರ್ಡರನ್ನು ಪಯೋನಿಯರ್ ಎಂಬ ಜಪಾನಿನ ಸಂಸ್ಥೆಯು ೧೯೯೯ರ ಕೊನೆಯಲ್ಲಿ ಮೊದಲಾಗಿ ಮಾರಾಟಕ್ಕೆ ತಂದಿತು. ಮುಂದಿನ ಏಳೆಂಟು ವರ್ಷಗಳಲ್ಲಿ ಬೆಲೆಯು ಇಳಿದು, ಯೂರೋಪು ಅಮೆರಿಕಗಳಲ್ಲಿ ಸಾಮಾನ್ಯ ಗೃಹಸ್ಥನೂ ಅದನ್ನು ಕೊಂಡನು. ಟೆಲಿವಿಷನ್ನಿನಲ್ಲಿ ಬರುವ ಕಾರ್ಯಕ್ರಮವನ್ನು ಡಿಸ್ಕಿಗೆ ಇಳಿಸಿಟ್ಟು ಬಿಡುವಿದ್ದಾಗ ನೋಡುವುದು ಅವನ ಉದ್ದೇಶವಾಗಿತ್ತು. ನಮ್ಮ ಕಡೆಯಲ್ಲಿ ಆ ಯಂತ್ರವು ಮನೆಮನೆಗೆ ಬರಲಿಲ್ಲ. ಮದುವೆಯನ್ನು ಹಿಡಿದ ಸ್ಟುಡಿಯೋದವನೇ ವಿ.ಸಿ.ಡಿ.ಯನ್ನು ಮಾಡಿಕೊಡುತ್ತಿದ್ದನು, ಸಿನಿಮಾವನ್ನು ಕೇಬಲ್ಲಿನವನು ರಾತ್ರಿ ಹತ್ತಕ್ಕೆ ತಪ್ಪದೆ ಹಾಕುತ್ತಿದ್ದನು, ರೆಕಾರ್ಡರು ಯಾರಿಗೆ ಬೇಕಾಗಿತ್ತು?

ಟೆಲಿವಿಷನ್ನಿನಿಂದ ಹಿಡಿಯುವುದಕ್ಕೆಂದು ಇಂದು ಅದನ್ನು ಕೊಳ್ಳುವವನು ಹಣವನ್ನು ನೀರಿಗೆ ಎಸೆದಂತೆಯೇ ಸರಿ. ಆ ಯಂತ್ರದ ಹೊಟ್ಟೆಯಲ್ಲಿರುವ ಟ್ಯೂನರು ಹಳೆಯ ಅನಲಾಗ್ ಪದ್ಧತಿಯದು. ಆ ಪದ್ಧತಿಯ ಕೇಬಲ್ಲನ್ನು ದೇಶದ ಉಳಿದ ಭಾಗಗಳಲ್ಲೆಲ್ಲ ನಿಲ್ಲಿಸಲು ಸರಕಾರವು ೨೦೧೭ರ ಮಾರ್ಚ್ ೩೧ನ್ನು ಕೊನೆಯ ದಿನವಾಗಿ ಗೊತ್ತುಮಾಡಿತ್ತು. ಸೆಟ್ ಟಾಪ್ ಪೆಟ್ಟಿಗೆಯ ಹಿಂಭಾಗದಿಂದ ತಂತಿಯೆಳೆದು ಹಿಡಿಯಬಹುದಾದರೂ, ಅದೇ ಕಾರ್ಯಕ್ರಮವು ಕೈಯಲ್ಲಿರುವ ಫೋನಿನಲ್ಲಿ ಇದಕ್ಕಿಂತ ಸ್ವಚ್ಛವಾಗಿ ದೊರೆಯುವಾಗ ಆ ಶ್ರಮಕ್ಕೆ ಅರ್ಥವಿಲ್ಲ. ಆದುದರಿಂದ ಈ ಭಾಗವನ್ನು ಇಲ್ಲಿಗೇ ಬಿಡುವೆವು. ರೆಕಾರ್ಡರಿಗೆ ಇಂದು ಉಳಿದಿರುವ ಯೋಗ್ಯವಾದ ಉಪಯೋಗವು ಒಂದೇ: ಹಳೆಯ ಕ್ಯಾಸೆಟ್ಟಿನಲ್ಲಿರುವುದನ್ನು ಅದು ಅಳಿಯುವುದಕ್ಕೆ ಮುಂಚೆ ಬೇರೆ ಕಡೆಗೆ ಇಳಿಸಿಕೊಳ್ಳುವುದು.

ಅಳಿಯುವುದೆಂದರೆ ಹೇಗೆ ಎಂದು ಕೇಳುವವರಿಗೆ ಸ್ವಲ್ಪ ವಿವರಿಸಬೇಕು. ವಿ.ಎಚ್.ಎಸ್. ಎಂಬ ಕ್ಯಾಸೆಟ್ಟು ೧೯೭೬ರಲ್ಲಿ ಜಪಾನಿನ ಜೆ.ವಿ.ಸಿ. ಸಂಸ್ಥೆಯಿಂದ ಹೊರಟದ್ದು. ಅದರೊಳಗಿನ ಪಟ್ಟಿಯು ಅರ್ಧ ಅಂಗುಲ ಅಗಲದ ತೆಳುವಾದ ಪ್ಲಾಸ್ಟಿಕ್ಕು. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳನ್ನು ಒಂದು ಬಗೆಯ ಅಂಟಿನಿಂದ ಹತ್ತಿಸಿರುವರು. ಚಿತ್ರವೂ ಧ್ವನಿಯೂ ಆ ಕಣಗಳಲ್ಲಿ ಕಾಂತದ ರೂಪದಲ್ಲಿ ನಿಂತಿರುವವು. ಗಾಳಿಯ ತೇವವನ್ನು ಹೀರಿ ಆ ಅಂಟು ಕಾಲಕ್ರಮದಲ್ಲಿ ಕೆಡುವುದು. ಕಣಗಳು ಸಡಿಲವಾಗಿ ಉದುರುವವು. ತುಂಗೆ ಭದ್ರೆಗಳ ನಡುವಿನ ನಮ್ಮ ನೆಲದಲ್ಲಿ ಮಳೆಗಾಲವೆಂದರೆ ಒಗೆದ ಬಟ್ಟೆಯು ಒಣಗದ ಕಾಲ, ಚರ್ಮದ ಚಪ್ಪಲಿಯ ಮೇಲೆ ಬೂಷ್ಟು ಹಿಡಿಯುವ ಕಾಲ. ಚಪ್ಪಲಿಗೆ ಹಿಡಿದ ಬೂಷ್ಟು ಕ್ಯಾಸೆಟ್ಟಿಗೂ ಹಿಡಿಯುವುದು. ಡಬ್ಬಿಯ ಮೇಲಿರುವ ಪಾರದರ್ಶಕವಾದ ಕಿಂಡಿಯಲ್ಲಿ ಇಣಿಕಿದರೆ ಸುತ್ತಿದ ಪಟ್ಟಿಯ ಅಂಚಿನಲ್ಲಿ ಬಿಳಿಯ ಹುಡಿಯಂತೆ ಅದು ಕಾಣುವುದು. ಅಂಥ ಕ್ಯಾಸೆಟ್ಟನ್ನು ತಿಳಿಯದೆ ವಿ.ಸಿ.ಆರ್.ಗೆ ಹಾಕಿದರೆ, ನಿಮಿಷಕ್ಕೆ ೧೫೦೦ ಸುತ್ತು ತಿರುಗುವ ಅದರ ಓದುವ ತಲೆಗೆ ಬೂಷ್ಟು ಮೆತ್ತಿಕೊಂಡು, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುವುದು.

ಪಟ್ಟಿಯ ಆಯುಷ್ಯ ಹೀಗಾದರೆ, ಅದನ್ನು ಓದುವ ಯಂತ್ರದ ಆಯುಷ್ಯವು ಇನ್ನೂ ಕಡಿಮೆ. ವಿ.ಸಿ.ಆರ್. ತಯಾರಿಸುತ್ತಿದ್ದ ಕಟ್ಟಕಡೆಯ ಸಂಸ್ಥೆಯಾದ ಜಪಾನಿನ ಫುನಾಯ್, ೨೦೧೬ರ ಜುಲೈ ತಿಂಗಳಿನಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಅಲ್ಲಿಂದೀಚೆಗೆ ಲೋಕದಲ್ಲಿ ಹೊಸ ವಿ.ಸಿ.ಆರ್. ಎಂಬುದು ಹುಟ್ಟಿಲ್ಲ, ಇರುವುದೆಲ್ಲ ಹಳೆಯದು, ಅದೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದು. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಭಂಡಾರವು ೨೦೧೫ರಲ್ಲಿಯೇ ಒಂದು ಎಚ್ಚರಿಕೆಯನ್ನು ಪ್ರಕಟಿಸಿ, ೨೦೨೫ರ ಒಳಗೆ ಇಳಿಸಿಕೊಳ್ಳದ ಕಾಂತಪಟ್ಟಿಗಳಲ್ಲಿ ಬಹುಭಾಗವು ಕೈತಪ್ಪಿಹೋದೀತೆಂದು ಸಾರಿತು. ಯುನೆಸ್ಕೋ ಸಂಸ್ಥೆಯೂ ೨೦೧೯ರಲ್ಲಿ ಇದೇ ವಿಷಯದಲ್ಲಿ ಜಗತ್ತಿನ ಸಂಗ್ರಹಾಲಯಗಳನ್ನು ಎಚ್ಚರಿಸುವ ಕಾರ್ಯವನ್ನು ಕೈಕೊಂಡಿತು. ಆ ೨೦೨೫ರ ಗಡುವು ನಮ್ಮನ್ನು ಬಂದು ಮುಟ್ಟಿದೆ. ಹಣವೂ ತಜ್ಞರೂ ಇರುವ ದೊಡ್ಡ ಸಂಗ್ರಹಾಲಯಗಳೇ ಹೀಗೆ ಗಾಬರಿಗೊಂಡಿರುವಾಗ, ಮಲವಗೊಪ್ಪದ ಅಟ್ಟದ ಮೇಲಿನ ಟ್ರಂಕಿನ ಪಾಡನ್ನು ಹೇಳಬೇಕಾದುದಿಲ್ಲ.

ಕನ್ನಡಿಗರಿಗೆ ಈ ಪಾಠವು ಹೊಸತಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನಾ' ೧೯೩೪ರಲ್ಲಿ ತೆರೆಗೆ ಬಂದಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಜನರು ಗುಂಪುಗೂಡಿ ನೋಡಿದ, ಹಣ ಹಾಕಿ ತಯಾರಿಸಿದ, ಚರಿತ್ರೆಯಲ್ಲಿ ಹೆಸರು ಪಡೆದ ಚಿತ್ರಕ್ಕೇ ಆ ಗತಿಯಾಯಿತು. ಒಂದೇ ಪ್ರತಿಯಿರುವ ಮನೆಯ ಕ್ಯಾಸೆಟ್ಟಿಗೆ ಕಾವಲುಗಾರರು ಯಾರು?

ಇಷ್ಟನ್ನು ಒಪ್ಪಿಕೊಂಡ ಗೃಹಸ್ಥನು ಒಡನೆಯೇ ಎದ್ದು ರೆಕಾರ್ಡರನ್ನು ಕೊಂಡುತರುವುದು ಸ್ವಾಭಾವಿಕ. ಆದರೆ ಅಲ್ಲಿ ಅವನು ಕೊಂಚ ತಾಳಬೇಕೆಂದು ನಾವು ಹೇಳುವೆವು. ರೆಕಾರ್ಡರು ಕ್ಯಾಸೆಟ್ಟನ್ನು ಓದುವುದಿಲ್ಲ. ಅದಕ್ಕೆ ವಿ.ಸಿ.ಆರ್. ಬೇರೆ ಬೇಕು, ಹಳದಿ, ಕೆಂಪು, ಬಿಳಿಯ ಮೂರು ತಂತಿಗಳಿಂದ ಎರಡನ್ನೂ ಜೋಡಿಸಿದಾಗ ಮಾತ್ರ ಕೆಲಸವು ನಡೆಯುವುದು. ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಜೋಡಿಯಂತ್ರಗಳು ಇದ್ದುವಾದರೂ, ಒಂದು ಕೆಟ್ಟರೆ ಎರಡೂ ಮೂಲೆಗೆ ಹೋಗುವುವು. ಆದುದರಿಂದ ಈ ಕಾರ್ಯದಲ್ಲಿ ಮುಖ್ಯವಾದುದು ಚೆನ್ನಾಗಿ ನಡೆಯುವ ವಿ.ಸಿ.ಆರ್. ಒಂದು ದೊರೆಯುವುದೇ ಹೊರತು ರೆಕಾರ್ಡರಲ್ಲ. ರೆಕಾರ್ಡರಿಗೆ ಬದಲಿ ಉಂಟು, ವಿ.ಸಿ.ಆರ್.ಗೆ ಬದಲಿಯಿಲ್ಲ. ಅಗ್ಗದ ರೆಕಾರ್ಡರನ್ನು ಕಂಡು ಹಿಗ್ಗುವವನು ದೀಪವನ್ನು ಕೊಂಡು ಎಣ್ಣೆಯನ್ನು ಮರೆತವನಂತೆ.

ಮಗನು ಅಮೆರಿಕದಿಂದ ತರುವ ಯಂತ್ರದ ವಿಷಯದಲ್ಲಿ ಇನ್ನೊಂದು ತೊಡಕು ಉಂಟು. ಅಲ್ಲಿಯ ಮನೆಗಳ ವಿದ್ಯುತ್ತು ೧೨೦ ವೋಲ್ಟಿನದು, ನಮ್ಮದು ೨೩೦ ವೋಲ್ಟಿನದು. ನೇರವಾಗಿ ಚುಚ್ಚಿದರೆ ಹೊಗೆಯೇ ಬಂದೀತು. ಅದನ್ನು ಟ್ರಾನ್ಸ್‌ಫಾರ್ಮರಿನಿಂದ ಸರಿಪಡಿಸಿದರೂ, ಚಿತ್ರದ ಪದ್ಧತಿಯೇ ಬೇರೆ. ನಮ್ಮ ದೇಶದ ಕ್ಯಾಸೆಟ್ಟುಗಳು ಪಾಲ್ ಎಂಬ ೬೨೫ ಗೆರೆಗಳ, ಸೆಕೆಂಡಿಗೆ ೨೫ ಚಿತ್ರಗಳ ಪದ್ಧತಿಯವು. ಅಮೆರಿಕ ಜಪಾನುಗಳದು ಎನ್.ಟಿ.ಎಸ್.ಸಿ. ಎಂಬ ೫೨೫ ಗೆರೆಗಳ, ಸೆಕೆಂಡಿಗೆ ಸುಮಾರು ೩೦ ಚಿತ್ರಗಳ ಪದ್ಧತಿ. ಆ ಪದ್ಧತಿಗೆಂದೇ ಮಾಡಿದ ಯಂತ್ರವು ನಮ್ಮ ಮದುವೆಯ ಕ್ಯಾಸೆಟ್ಟನ್ನು ಸರಿಯಾಗಿ ಹಿಡಿಯಲಾರದು. ಪ್ರೀತಿಯಿಂದ ತಂದ ವಸ್ತುವನ್ನು ಉಪಯೋಗವಿಲ್ಲವೆಂದು ಮೂಲೆಗಿಡುವಾಗ ಮಗನಿಗೂ ನೋವು, ತಂದೆಗೂ ನೋವು. ಮೊದಲೇ ಬೇಡವೆಂದು ಬರೆದುಬಿಡುವುದು ಲೇಸು.

ಇನ್ನು ಪಾಲ್ ಪದ್ಧತಿಯ ರೆಕಾರ್ಡರೇ ದೊರಕಿತೆಂದು ಇಟ್ಟುಕೊಳ್ಳೋಣ. ಸಾಮಾನ್ಯವಾದ ಒಂದು ಡಿ.ವಿ.ಡಿ.ಯಲ್ಲಿ ೪.೭ ಗಿಗಾಬೈಟಿನಷ್ಟು ಸ್ಥಳವಿರುವುದು. ಅದರಲ್ಲಿ ಎಷ್ಟು ಹೊತ್ತಿನ ಚಿತ್ರವನ್ನು ತುಂಬಬೇಕೆಂಬುದನ್ನು ರಿಮೋಟಿನ ಒಂದು ಗುಂಡಿಯು ನಿರ್ಣಯಿಸುವುದು. ಎಕ್ಸ್.ಪಿ. ಎಂದು ಇಟ್ಟರೆ ಒಂದು ಗಂಟೆ, ಎಸ್.ಪಿ. ಎಂದರೆ ಎರಡು ಗಂಟೆ, ಎಲ್.ಪಿ. ಎಂದರೆ ನಾಲ್ಕು ಗಂಟೆ. ಆರು ಗಂಟೆಯನ್ನು ತುಂಬುವ ಯಂತ್ರಗಳೂ ಉಂಟು. ಡಿಸ್ಕು ಉಳಿಯಿತೆಂಬ ಆಸೆಯಿಂದ ನಾಲ್ಕು, ಆರು ಗಂಟೆಗೆ ತಿರುಗಿಸುವವರು ಬಹಳ. ಆರತಿಯ ಸಮಯದಲ್ಲಿ ದೀಪವು ಅಲುಗಾಡಿದಾಗಲೂ, ಅಕ್ಷತೆಯು ಹಾರಿದಾಗಲೂ ಚಿತ್ರವು ಚೌಕಚೌಕವಾಗಿ ಒಡೆದು ಕಾಣುವುದು ಈ ಜಿಪುಣತನದ ಫಲ. ಎರಡು ಗಂಟೆಗಿಂತ ಹೆಚ್ಚು ತುಂಬಿಸುವುದು ಸರ್ವಥಾ ಯುಕ್ತವಲ್ಲ. ಅಪೂರ್ವವಾದ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಯೋಗ್ಯ.

ವಿ.ಸಿ.ಡಿ.ಯ ಕಾಲದಲ್ಲಿ ನಮ್ಮವರು ಇದೇ ನಷ್ಟವನ್ನು ಒಮ್ಮೆ ಅನುಭವಿಸಿದ್ದಾರೆ. ಆ ಡಿಸ್ಕಿನ ಚಿತ್ರದಲ್ಲಿ ಇರುವುದು ೨೮೮ ಗೆರೆಗಳು ಮಾತ್ರ. ಪಾಲ್ ಪದ್ಧತಿಯ ಡಿ.ವಿ.ಡಿ.ಯಲ್ಲಿ ೫೭೬. ಕ್ಯಾಸೆಟ್ಟನ್ನು ವಿ.ಸಿ.ಡಿ.ಗೆ ಇಳಿಸಿಕೊಂಡ ಮೇಲೆ "ಇನ್ನು ಈ ಡಬ್ಬಿ ಯಾಕೆ?" ಎಂದು ಮೂಲವನ್ನು ಗುಜರಿಗೆ ಕೊಟ್ಟ ಮನೆಗಳು ಅರ್ಧ ಗೆರೆಗಳನ್ನು ಗುಜರಿಗೇ ಕೊಟ್ಟಂತಾಯಿತು. ಯಾವ ರೀತಿಯಲ್ಲಿ ಇಳಿಸಿಕೊಂಡರೂ ಮೂಲ ಕ್ಯಾಸೆಟ್ಟನ್ನು ಎಸೆಯಬಾರದೆಂಬುದು ಇದರಿಂದ ಸ್ಪಷ್ಟವಾಗುವುದು.

ರೆಕಾರ್ಡರಿನ ಇನ್ನೊಂದು ಗುಣವನ್ನು ಕೊಳ್ಳುವವನು ಅರಿತಿರಬೇಕು. ಬರೆದು ಮುಗಿದ ಡಿಸ್ಕಿಗೆ ಫೈನಲೈಸ್ ಎಂಬ ಕೊನೆಯ ಸಂಸ್ಕಾರವನ್ನು ಮಾಡದಿದ್ದರೆ ಅದು ಸಾಮಾನ್ಯವಾಗಿ ಬೇರೆ ಯಂತ್ರದಲ್ಲಿ ನಡೆಯುವುದಿಲ್ಲ. ಹಳೆಯ ರೆಕಾರ್ಡರಿನ ಲೇಸರು ಅದಕ್ಕೆ ಮುಂಚೆಯೇ ಕಣ್ಣುಮುಚ್ಚಿದರೆ, ಬರೆದದ್ದೆಲ್ಲ ಬೀಗದ ಕೈ ಕಳೆದ ಪೆಟ್ಟಿಗೆಯೊಳಗಿನ ಒಡವೆಯಾಗುವುದು. ಹೊರನೋಟಕ್ಕೆ ಹೊಳೆಯುವ ಹಳೆಯ ಯಂತ್ರದ ಲೇಸರು ಎಷ್ಟು ಸವೆದಿದೆಯೆಂಬುದನ್ನು ಮಾರುವವನೂ ಹೇಳಲಾರನು. ಒಂದು ಡಿಸ್ಕನ್ನು ಆದಿಯಿಂದ ಅಂತ್ಯದವರೆಗೆ ಬರೆಯಿಸಿ, ಫೈನಲೈಸ್ ಮಾಡಿಸಿ, ಬೇರೊಂದು ಯಂತ್ರದಲ್ಲಿ ನಡೆಯುವುದನ್ನು ಕಣ್ಣಾರೆ ಕಂಡ ಹೊರತು ಹಣವನ್ನು ಎಣಿಸಬಾರದು.

ಡಿಸ್ಕಿನ ಮಾತು ಬಂದುದರಿಂದ ಸ್ವದೇಶಿಯ ವಿಷಯವನ್ನೂ ಪ್ರಸ್ತಾಪಿಸುವುದು ಅಪ್ರಸ್ತುತವಾಗದು. ೧೯೮೩ರಲ್ಲಿ ಸ್ಥಾಪಿತವಾದ ಮೋಸರ್ ಬೇರ್ ಇಂಡಿಯಾ ಸಂಸ್ಥೆಯು ಬರೆಯುವ ಡಿಸ್ಕುಗಳ ತಯಾರಿಕೆಯಲ್ಲಿ ಜಗತ್ತಿನ ಅಗ್ರಗಣ್ಯ ಸಂಸ್ಥೆಗಳಲ್ಲೊಂದಾಗಿ ಬೆಳೆದಿತ್ತು. ಸಿನಿಮಾದ ಡಿ.ವಿ.ಡಿ.ಯನ್ನು ೩೪ ರೂಪಾಯಿಗೂ ವಿ.ಸಿ.ಡಿ.ಯನ್ನು ೨೮ ರೂಪಾಯಿಗೂ ಮಾರಿ, ಕಳ್ಳಪ್ರತಿಗಳ ವ್ಯಾಪಾರಿಗಳನ್ನೇ ಬೆರಗುಗೊಳಿಸಿತು. ನಮ್ಮವರ ಕೈಯಲ್ಲಿ ಆಗದ ಕೆಲಸವಿಲ್ಲವೆಂದು ಹೆಮ್ಮೆಪಡುವುದಕ್ಕೆ ಅದು ಸಾಕಾಗಿತ್ತು. ಆದರೆ ಡಿಸ್ಕಿನ ಕಾಲವೇ ಮುಗಿಯುತ್ತ ಬಂದು, ಸಾಲದ ಹೊರೆಯಲ್ಲಿ ಸಂಸ್ಥೆಯು ಕುಸಿದು, ೨೦೧೮ರಲ್ಲಿ ಅದರ ಆಸ್ತಿಯನ್ನು ಮಾರಿ ಮುಗಿಸುವಂತೆ ನ್ಯಾಯಮಂಡಳಿಯು ಆಜ್ಞೆಮಾಡಿತು. ಜಪಾನಿನ ಸೋನಿಯೂ ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ೨೦೨೫ರ ಫೆಬ್ರವರಿಯಲ್ಲಿ ನಿಲ್ಲಿಸಿದೆ. ಸ್ವದೇಶಿಯಾಗಲಿ ವಿದೇಶಿಯಾಗಲಿ, ಡಿಸ್ಕಿನ ದಾರಿಯು ಕ್ಯಾಸೆಟ್ಟಿನ ದಾರಿಯನ್ನೇ ಹಿಡಿದಿರುವುದು. ಮುಳುಗುವ ದೋಣಿಯಿಂದ ಜನರನ್ನು ಇಳಿಸಿ ಇನ್ನೊಂದು ಸೋರುವ ದೋಣಿಗೆ ಹತ್ತಿಸಿದರೆ, ದಡವನ್ನು ಸೇರುವುದಕ್ಕೆ ಮುಂಚೆ ಮೂರನೆಯದನ್ನು ಹುಡುಕಬೇಕಾಗುವುದು. ಮೇಲಾಗಿ, ಬರೆಯುವ ಡಿಸ್ಕಿನ ಒಳಪದರದಲ್ಲಿರುವುದು ಒಂದು ಬಗೆಯ ಬಣ್ಣ; ಬಿಸಿಲಿಗೂ ಶಾಖಕ್ಕೂ ಅದು ಕೆಡತಕ್ಕದ್ದು.

ಹಾಗಾದರೆ ಮಾಡತಕ್ಕದ್ದೇನು? ವಿ.ಸಿ.ಆರ್.ನಿಂದ ಬರುವ ಅದೇ ಮೂರು ತಂತಿಗಳನ್ನು ಕಂಪ್ಯೂಟರಿಗೆ ಜೋಡಿಸುವ ಬೆರಳುದ್ದದ ಸಾಧನವು ಪೇಟೆಯಲ್ಲಿ ಸಾವಿರ ರೂಪಾಯಿಯ ಆಸುಪಾಸಿಗೆ ದೊರೆಯುವುದು. ಡಿಸ್ಕಿನ ಹಂಗಿಲ್ಲದೆ ಚಿತ್ರವು ನೇರವಾಗಿ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಇಳಿಯುವುದು. ಅಲ್ಲಿಂದ ಎಷ್ಟು ಪ್ರತಿಗಳನ್ನಾದರೂ ಲೇಶಮಾತ್ರ ಕುಂದಿಲ್ಲದೆ ಮಾಡಬಹುದು. ಹತ್ತಿರದಲ್ಲಿ ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಇದ್ದರೆ ಕೆಲಸವು ಸುಲಭ. ಅಗ್ಗದ ಸಾಧನಗಳಿಗೂ ದೋಷವುಂಟು: ಪಟ್ಟಿಯು ಎಳೆದಾಡಿದ ಸ್ಥಳಗಳಲ್ಲಿ ಚಿತ್ರವು ನಿಂತುಹೋಗುವುದು, ಧ್ವನಿಯು ತುಟಿಗಿಂತ ಹಿಂದೆ ಬೀಳುವುದು. ಈ ವಿಷಯದಲ್ಲಿ ಒಳ್ಳೆಯ ಡಿ.ವಿ.ಡಿ. ರೆಕಾರ್ಡರೇ ಮೇಲು; ಅಲುಗಾಡುವ ಚಿತ್ರವನ್ನು ಸ್ಥಿರಗೊಳಿಸುವ ಶಕ್ತಿಯು ಕೆಲವಕ್ಕೆ ಉಂಟು. ಕಂಪ್ಯೂಟರಿನ ಬಳಕೆಯಿಲ್ಲದ ಹಿರಿಯರು ಎರಡೇ ಗುಂಡಿಗಳನ್ನು ಒತ್ತಿ ಕೆಲಸವನ್ನು ಪೂರೈಸಬಹುದೆಂಬುದೂ ಅದರ ಪರವಾಗಿ ಹೇಳತಕ್ಕ ಮಾತು. ಹೀಗೆ ಬರೆದ ಡಿಸ್ಕನ್ನು ಅಲ್ಲಿಯೇ ಬಿಡದೆ, ಅದರಲ್ಲಿರುವುದನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿಟ್ಟರೆ ಡಿಸ್ಕು ಕೆಟ್ಟರೂ ಭಯವಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವು ಇಷ್ಟು. ಐದಾರು ಕ್ಯಾಸೆಟ್ಟುಗಳಿರುವ ಒಂಟಿ ಮನೆಯವನು ರೆಕಾರ್ಡರನ್ನು ಕೊಳ್ಳಬೇಕಾದುದಿಲ್ಲ. ಶಿವಮೊಗ್ಗೆಯಲ್ಲಿಯಾಗಲಿ ಭದ್ರಾವತಿಯಲ್ಲಿಯಾಗಲಿ ಈ ಕೆಲಸವನ್ನು ಮಾಡಿಕೊಡುವ ಸ್ಟುಡಿಯೋ ಇದ್ದಲ್ಲಿ, ಕೂಲಿಯನ್ನು ಕೊಟ್ಟು ಮಾಡಿಸಿಕೊಳ್ಳಲಿ. ಆದರೆ ಒಂದು ಕ್ಯಾಸೆಟ್ಟನ್ನು ಮೊದಲು ಕೊಟ್ಟು, ಫಲವನ್ನು ಪೂರ್ತಿ ನೋಡಿ, ಆಮೇಲೆ ಉಳಿದವನ್ನು ಕೊಡಲಿ. ಒಟ್ಟಿಗೆ ಹತ್ತನ್ನೂ ಚೀಲದಲ್ಲಿ ಹಾಕಿ ಕೊಟ್ಟುಬರುವುದು ಅವಿವೇಕ.

ಕೊಳ್ಳುವುದು ಉಚಿತವಾಗುವುದು ಊರೇ ಒಂದಾದಾಗ. ಲೆಕ್ಕವನ್ನು ನೋಡೋಣ. ನಲವತ್ತು ಮನೆಗಳು ಸೇರಿದುವೆಂದು ಇಟ್ಟುಕೊಳ್ಳಿ; ಮನೆಗೆ ಎಂಟು ಕ್ಯಾಸೆಟ್ಟುಗಳಂತೆ ೩೨೦. ಒಂದೊಂದಕ್ಕೆ ಸರಾಸರಿ ಎರಡೂವರೆ ಗಂಟೆಯಂತೆ ೮೦೦ ಗಂಟೆಗಳಾದುವು. ಈ ಕೆಲಸದಲ್ಲಿ ಅವಸರವು ನಡೆಯುವುದಿಲ್ಲ. ಎರಡೂವರೆ ಗಂಟೆಯ ಮದುವೆಯನ್ನು ಇಳಿಸಲು ಎರಡೂವರೆ ಗಂಟೆಯೇ ಬೇಕು. ದಿನಕ್ಕೆ ಐದು ಗಂಟೆಯಂತೆ ೧೬೦ ದಿನಗಳಲ್ಲಿ ಮುಗಿಯುವುದು. ಎಸ್.ಪಿ. ಪ್ರಮಾಣದಲ್ಲಿ ಇಳಿಸಿದರೆ ೪೦೦ ಡಿಸ್ಕುಗಳು ಬೇಕು. ಆದರೆ ಅಷ್ಟೂ ಸೇರಿ ೧೮೮೦ ಗಿಗಾಬೈಟು, ಅಂದರೆ ೨ ಟೆರಾಬೈಟಿನ ಒಂದೇ ಹಾರ್ಡ್ ಡಿಸ್ಕಿನಲ್ಲಿ ಅಡಗುವುದು. ಅಂಥವು ಎರಡನ್ನು ಕೊಂಡು, ಬೇರೆಬೇರೆ ಮನೆಗಳಲ್ಲಿ ಇಟ್ಟರೆ ನಲವತ್ತು ಮನೆಗಳ ನೆನಪಿಗೆ ಜೋಡಿ ಕಾವಲಾಯಿತು. ಚೆನ್ನಾಗಿ ರಿಪೇರಿಯಾದ ಎರಡು ವಿ.ಸಿ.ಆರ್., ಒಂದು ರೆಕಾರ್ಡರು ಅಥವಾ ಕಂಪ್ಯೂಟರಿನ ಸಾಧನ, ಎರಡು ಹಾರ್ಡ್ ಡಿಸ್ಕು: ನಲವತ್ತು ಪಾಲಾದಾಗ ಈ ವೆಚ್ಚವು ಯಾರಿಗೂ ಭಾರವಾಗದು. ಕಾರ್ಖಾನೆಯ ಯಂತ್ರಗಳನ್ನು ಮೂವತ್ತು ವರ್ಷ ನಡೆಸಿ ನಿವೃತ್ತರಾದವರಿಗೆ ವಿ.ಸಿ.ಆರ್.ನ ಬೆಲ್ಟು ಬದಲಿಸುವುದು ದೊಡ್ಡ ವಿದ್ಯೆಯೇನೂ ಅಲ್ಲ. ಅವರಿಗೆ ಬಿಡುವೂ ಉಂಟು, ಕೈಯಲ್ಲಿ ಕಸಬೂ ಉಂಟು. ಗ್ರಂಥಾಲಯವೋ, ಮಹಿಳಾ ಸಮಾಜವೋ, ದೇವಸ್ಥಾನದ ಸಮಿತಿಯೋ ಒಂದು ಕೊಠಡಿಯನ್ನು ಬಿಟ್ಟುಕೊಟ್ಟರೆ ಸಾಕು. ತಮ್ಮ ಮನೆಯ ಮದುವೆಯನ್ನು ಪರರು ನೋಡುವರೆಂಬ ಸಂಕೋಚವುಳ್ಳವರು ತಾವೇ ಬಂದು ಕುಳಿತಿರಲಿ. ಆ ನೆಪದಿಂದಲಾದರೂ ಒಮ್ಮೆ ನೋಡಿದಂತಾಗುವುದು.

ಕೆಲಸವನ್ನು ಮಾಡುವಲ್ಲಿ ಕ್ರಮವೂ ಬೇಕು. ಸಿನಿಮಾಗಳನ್ನೂ ಟೆಲಿವಿಷನ್ನಿನ ಕಾರ್ಯಕ್ರಮಗಳನ್ನೂ ಹಿಡಿದಿಟ್ಟ ಕ್ಯಾಸೆಟ್ಟುಗಳನ್ನು ಬದಿಗಿಡಬೇಕು. ನಮ್ಮ ಜಿಲ್ಲೆಯ ಆಗುಂಬೆಯಲ್ಲಿಯೇ ಶಂಕರನಾಗರು ಚಿತ್ರಿಸಿದ್ದೆಂಬ ಅಭಿಮಾನದಿಂದ 'ಮಾಲ್ಗುಡಿ ಡೇಸ್' ಅನ್ನು ಹಿಡಿದಿಟ್ಟವರು ಇರಬಹುದು. ಅದು ಬೇರೆ ಕಡೆಯಲ್ಲಿ ಸುರಕ್ಷಿತವಾಗಿಯೇ ಉಂಟು. ಬೇರೆಲ್ಲಿಯೂ ಇಲ್ಲದುದು ಮೊದಲು ಇಳಿಯಬೇಕು. ಅವುಗಳಲ್ಲಿಯೂ ಈಗ ಬದುಕಿಲ್ಲದವರು ಮಾತನಾಡುವ ಕ್ಯಾಸೆಟ್ಟು ಎಲ್ಲಕ್ಕಿಂತ ಮೊದಲು. ಬೂಷ್ಟು ಹಿಡಿದುದನ್ನು ಬೇರೆಯಾಗಿ ಕಟ್ಟಿಟ್ಟು, ತಿಳಿದವರಿಂದ ಶುದ್ಧಿ ಮಾಡಿಸದೆ ಯಂತ್ರಕ್ಕೆ ಹಾಕಬಾರದು. ಒಳ್ಳೆಯದಾಗಿರುವ ಕ್ಯಾಸೆಟ್ಟನ್ನು ಹಾಕುವ ಮುಂಚೆ ಅದರ ಬೆನ್ನಿನ ಮೇಲಿರುವ ಚಿಕ್ಕ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಬೇಕು; ಆಗ ಯಾರಾದರೂ ತಪ್ಪಿ ರೆಕಾರ್ಡಿನ ಗುಂಡಿಯನ್ನು ಒತ್ತಿದರೂ ಹಳೆಯದು ಅಳಿಸಿಹೋಗುವುದಿಲ್ಲ. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಪಟ್ಟಿಯನ್ನು ಮೊದಲು ಒಮ್ಮೆ ಕೊನೆಯವರೆಗೆ ಓಡಿಸಿ ಮರಳಿ ಸುತ್ತಿಸಿ, ಅನಂತರ ನಡೆಸತಕ್ಕದ್ದು. ಇಳಿಸಿದ ಪ್ರತಿಯೊಂದಕ್ಕೂ ಯಾರ ಮದುವೆ, ಯಾವ ವರ್ಷ, ಯಾವ ಛತ್ರ ಎಂಬುದನ್ನು ಹೆಸರಾಗಿ ಬರೆಯುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಮೂಲೆಯಲ್ಲಿ ನಿಂತು ನಗುತ್ತಿರುವ ಆ ಹೆಂಗಸು ಯಾರ ಚಿಕ್ಕಮ್ಮನೆಂದು ಹೇಳಬಲ್ಲವರು ಈಗ ಅವರೊಬ್ಬರೇ.

ಮುಂಗಾರು ಹಿಡಿಯುವುದಕ್ಕೆ ಮುಂಚೆ, ಗಾಳಿಯು ಒಣಗಿರುವ ಮಾಘ ಫಾಲ್ಗುಣಗಳಲ್ಲಿ ಆರಂಭಿಸಿದರೆ ಯಂತ್ರಕ್ಕೂ ಪಟ್ಟಿಗೂ ಹಿತ. ರೆಕಾರ್ಡರನ್ನು ಮಾರುವವನು ಇನ್ನೊಂದು ತಿಂಗಳು ಕಾದಾನು. ಈ ವಾರ ಮಾಡಬೇಕಾದುದು ಅಟ್ಟದ ಟ್ರಂಕನ್ನು ಇಳಿಸಿ, ಕ್ಯಾಸೆಟ್ಟುಗಳನ್ನು ಎಣಿಸಿ, ಕಿಂಡಿಯಲ್ಲಿ ಬಿಳಿಯ ಹುಡಿ ಕಾಣುವುದೇ ಎಂದು ಬೆಳಕಿಗೆ ಹಿಡಿದು ನೋಡುವುದು.